ಬರೆಯದೆ ಬಿಟ್ಟ ಗಂಟೆ

ಮರಿಹುಳು ಎಳ್ಳಿಗಿಂತ ಚಿಕ್ಕದು. ಕರಿ ಎಳ್ಳಾದರೆ ಕಣ್ಣಿಗಾದರೂ ಬೀಳುತ್ತದೆ. ಇದು ಬಿಳಿ. ಬಿಳಿ ರಸದೊಳಗೆ, ಕತ್ತರಿಸಿ ಬಿದ್ದ ಉಗುರಿನ ಚೂರಿನ ಹಾಗೆ ಬಾಗಿ ಮಲಗಿರುತ್ತದೆ. ಬಾಗಿದ ಸೂಜಿಯ ತುದಿಯನ್ನು ಅದರ ಬೆನ್ನ ಕೆಳಗೆ ತೂರಿಸಿ, ಅದಕ್ಕೆ ಗೊತ್ತೇ ಆಗದ ಹಾಗೆ ಎತ್ತಬೇಕು. ಎತ್ತಿ ಮೇಣದ ಬಟ್ಟಲಿನಲ್ಲಿ, ಮಲಗಿದ್ದ ಮಗ್ಗುಲಲ್ಲೇ ಮಲಗಿಸಬೇಕು. ಮಗ್ಗುಲು ಬದಲಾದರೆ ಸಾಯುತ್ತದೆ. ಬಿಸಿಗಾಳಿ ತಾಗಿದರೆ ಒಣಗುತ್ತದೆ. ಕೈ ನಡುಗಿದರೆ ಒಡೆಯುತ್ತದೆ. ಒಂದು ಚೌಕಟ್ಟಿಗೆ ಅರವತ್ತು ಬಟ್ಟಲು. ಒಬ್ಬೊಬ್ಬರಿಗೆ ದಿನಕ್ಕೆ ನಾಲ್ಕು ಚೌಕಟ್ಟು.

ನನ್ನ ಚಿಕ್ಕಮ್ಮ ಈ ಕೆಲಸವನ್ನು ಎರಡು ವರ್ಷ ಮಾಡಿದಳು. ಮೊದಲ ವರ್ಷ ಕನ್ನಡಕ ಇರಲಿಲ್ಲ. ಎರಡನೇ ವರ್ಷ ಕನ್ನಡಕ ಇತ್ತು, ಕಣ್ಣು ಇರಲಿಲ್ಲ.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಜೇನುಗೂಡಿನಲ್ಲಿ ಕೂಲಿನೊಣದ ಮರಿಯೂ ರಾಣಿಯ ಮರಿಯೂ ಹುಟ್ಟುವಾಗ ಒಂದೇ. ಊಟ ಬೇರೆ. ರಾಣಿಯಾಗುವ ಮರಿಗೆ ಮಾತ್ರ ದಾದಿನೊಣಗಳು ತಮ್ಮ ತಲೆಯೊಳಗಿನಿಂದ ಇಳಿಸುವ ಬಿಳಿ ಹಾಲನ್ನು ಕೊನೆಯವರೆಗೂ ಉಣ್ಣಿಸುತ್ತವೆ. ಬಟ್ಟಲು ದೊಡ್ಡದಾಗಿ, ಬಾಯಿ ಕೆಳಗಾಗಿ ತೂಗುತ್ತಿದ್ದರೆ ಅದು ರಾಣಿಯ ತೊಟ್ಟಿಲೆಂದು ಅವು ತಿಳಿಯುತ್ತವೆ. ನಾವು ಮೇಣದಲ್ಲಿ ಅಂಥ ಸುಳ್ಳು ತೊಟ್ಟಿಲು ಮಾಡಿ, ಕೂಲಿನೊಣವಾಗಬೇಕಿದ್ದ ಮರಿಯನ್ನು ಅದರಲ್ಲಿ ಮಲಗಿಸಿ, ರಾಣಿ ಇಲ್ಲದ ಪೆಟ್ಟಿಗೆಗೆ ಇಳಿಸುತ್ತಿದ್ದೆವು. ರಾಣಿ ಹುಟ್ಟುತ್ತಾಳೆಂಬ ಆಸೆಗೆ ನೊಣಗಳು ಹಾಲು ತುಂಬುತ್ತಿದ್ದವು. ತುಂಬಿದ ಮೇಲೆ ಮರಿಯನ್ನು ಚಿಮುಟದಿಂದ ಎತ್ತಿ ಬಿಸಾಡಿ ಹಾಲನ್ನು ಬಾಚಿಕೊಳ್ಳುವುದು. ಬಟ್ಟಲಿಗೆ ಕಡಲೆಕಾಳಿನಷ್ಟೂ ಬರುವುದಿಲ್ಲ. ಬಾಟಲಿಯ ಚೀಟಿಯಲ್ಲಿ ಅದರ ಹೆಸರು ರಾಯಲ್ ಜೆಲ್ಲಿ. ನಾವು ರಾಣಿಹಾಲು ಎನ್ನುತ್ತಿದ್ದೆವು. ದೂರದ ನಗರಗಳಲ್ಲಿ ಮುಪ್ಪು ಬೇಡವೆನ್ನುವವರು ಅದನ್ನು ನಾಲಗೆಯ ಕೆಳಗೆ ಇಟ್ಟುಕೊಳ್ಳುತ್ತಾರಂತೆ.

"ಇದನ್ನ ತಿಂದೋರಿಗೆ ಮುಪ್ಪು ಬರಲ್ವಂತೆ," ಎಂದು ರೇಡಿಯೊ ಒಮ್ಮೆ ಅಂದಳು. "ತೆಗೆಯೋರಿಗೆ ಎರಡರಷ್ಟು ಬರುತ್ತೆ. ಆ ಮುಪ್ಪು ಪಾಪ ಎಲ್ಲಾದ್ರೂ ಹೋಗಬೇಕಲ್ಲ."

ರೇಡಿಯೊ ಎಂದರೆ ನಮ್ಮ ಪಕ್ಕದ ಮನೆಯವಳು. ಬೆಳಿಗ್ಗೆ ಬಾಯಿ ತೆರೆದರೆ ಮಲಗುವವರೆಗೆ ಮುಚ್ಚದವಳಾದ್ದರಿಂದ ಆ ಹೆಸರು. ಅವಳು, ಚಿಕ್ಕಮ್ಮ, ಆಚೆ ಮನೆಯ ಉದ್ದಕ್ಕ, ಉದ್ದಕ್ಕನ ಸೊಸೆ, ಹೀಗೆ ನಾಲ್ವರು ಸೂಜಿ ಹಿಡಿದವರು. ಸೊಸೆಯನ್ನು ಬಿಟ್ಟು ಉಳಿದ ಮೂವರೂ ಇಪ್ಪತ್ತು ವರ್ಷ ರಬ್ಬರ್ ಮರದ ತೊಗಟೆ ಕೊಯ್ದು ಹಾಲು ಇಳಿಸಿದವರು. ಮರಗಳಿಗೆ ವಯಸ್ಸಾಯಿತು, ತೋಟ ಕೈ ಬದಲಾಯಿತು, ಕೊಯ್ಲು ನಿಂತಿತು. ತೋಟ ಕೊಂಡ ಕಂಪನಿ ಮರಗಳ ನಡುವೆ ಐವತ್ತು ಜೇನುಪೆಟ್ಟಿಗೆ ತಂದಿಟ್ಟಿತು. ರಬ್ಬರ್ ಹಾಳೆ ಒಣಗಿಸುತ್ತಿದ್ದ ಹೊಗೆಮನೆಯಲ್ಲಿ ಮೇಜು, ದೀಪ, ಒಂದು ಫ್ರಿಜ್ ಬಂದವು. ತೋಟದ ಕೂಲಿಯವರ ಲೈನುಮನೆಗಳಲ್ಲಿ ಕೆಲಸ ಇದ್ದವರು ಉಳಿದರು, ಇಲ್ಲದವರು ಗಂಟು ಕಟ್ಟಿದರು. ನಾನು ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದೆ. ನನ್ನನ್ನು ಎರಡು ವರ್ಷದ ಕೂಸಿನಿಂದ ಸಾಕಿದವಳು ಚಿಕ್ಕಮ್ಮ. ಅವಳೇ ಮ್ಯಾನೇಜರನ ಮುಂದೆ ನಿಂತು ಕೇಳಿ ನನಗೊಂದು ಕೆಲಸ ಮಾಡಿಸಿದಳು. ಎಷ್ಟು ಬಟ್ಟಲು ಕೊಟ್ಟೆವು, ಎಷ್ಟನ್ನು ನೊಣ ಒಪ್ಪಿದವು, ಎಷ್ಟು ಗಂಟೆಗೆ ತೆಗೆದೆವು, ಎಷ್ಟು ಗ್ರಾಂ ಸಿಕ್ಕಿತು ಎಂದು ರಿಜಿಸ್ಟರಿನಲ್ಲಿ ಬರೆಯುವುದು.

ಮ್ಯಾನೇಜರ್ ಸೋಮವಾರಕ್ಕೊಮ್ಮೆ ಐಸು ಪೆಟ್ಟಿಗೆ ಹಿಡಿದು ಬರುತ್ತಿದ್ದ. ಉಳಿದ ದಿನ ನಾವೇ. ಅವನಿಗೆ ರೇಡಿಯೊ ಇಟ್ಟ ಹೆಸರು ಗಂಡುನೊಣ. ಗೂಡಿನಲ್ಲಿ ಗಂಡುನೊಣಕ್ಕೆ ಕೆಲಸವಿಲ್ಲ. ತಿನ್ನುತ್ತದೆ, ಗುಂಯ್ ಅನ್ನುತ್ತದೆ.

"ಹಾಗನ್ನಬೇಡ ಕಣೆ," ಎಂದಿದ್ದಳು ಚಿಕ್ಕಮ್ಮ. "ಗಂಡುನೊಣಕ್ಕೆ ಕಚ್ಚೋಕೆ ಬರಲ್ಲ."

ಮೊದಲ ದಿನವೇ ಅವನು ನಮ್ಮನ್ನು ಕೂರಿಸಿಕೊಂಡು ಹೇಳಿದ್ದ. ರಾಯಲ್ ಜೆಲ್ಲಿ ತಣ್ಣನೆಯ ದೇಶಗಳಲ್ಲಿ ಆಗುತ್ತದೆ. ಬಿಸಿಲಿನ ನೆಲದಲ್ಲಿ ಆಗುತ್ತದೋ ಇಲ್ಲವೋ ಕಂಪನಿಗೆ ತಿಳಿಯಬೇಕು. ಇದು ಅದರ ಪ್ರಯೋಗ. ಎರಡು ಹಂಗಾಮಿನಲ್ಲಿ ಪೆಟ್ಟಿಗೆಗೆ ಇಷ್ಟು ಗ್ರಾಂ ಎಂಬ ಗುರಿ ಮುಟ್ಟಿದರೆ ನಾಲ್ವರಿಗೂ ಹತ್ತು ಹತ್ತು ಪೆಟ್ಟಿಗೆ ಸ್ವಂತಕ್ಕೆ, ನೊಣ ಸಮೇತ. ಹೀಗೆಂದು ಒಂದು ಕಾಗದ ಕೊಟ್ಟ. ನಾನು ಅದನ್ನು ನಾಲ್ವರಿಗೂ ಓದಿ ಹೇಳಿದೆ. "ಮುದ್ರಿತ ಕೈಪಿಡಿಯ ಕ್ರಮವನ್ನು ಯಥಾವತ್ತಾಗಿ ಪಾಲಿಸಿದಲ್ಲಿ" ಎಂಬ ಮಾತು ಅದರ ಮಧ್ಯದಲ್ಲಿ ಇತ್ತು. ನಾನು ಅದನ್ನೂ ಓದಿದೆ. ನಿಲ್ಲಿಸಿ ಓದಲಿಲ್ಲ.

ಚಿಕ್ಕಮ್ಮ ಮರುದಿನವೇ ಲೈನಿನ ಹಿಂದೆ ಹತ್ತು ಚಪ್ಪಟೆ ಕಲ್ಲು ಹಾಕಿದಳು, ಸಾಲಾಗಿ, ಬೆಳಗಿನ ಬಿಸಿಲು ಬೀಳುವ ಕಡೆಗೆ ಮುಖ ಮಾಡಿ. ಪೆಟ್ಟಿಗೆಗೊಂದು ಕಲ್ಲು. ಇರುವೆ ಹತ್ತದಿರಲಿ ಎಂದು ಪ್ರತಿ ಕಲ್ಲಿನ ಸುತ್ತ ಬೂದಿ ಸುರಿದಳು. ಮಳೆ ಬಂದು ಬೂದಿ ಕೊಚ್ಚಿಹೋದಾಗಲೆಲ್ಲ ಮತ್ತೆ ಸುರಿಯುತ್ತಿದ್ದಳು. ಇನ್ನೂ ಬಾರದ ಪೆಟ್ಟಿಗೆಗೆ ಯಾವ ಇರುವೆ ಹತ್ತುತ್ತದೆ ಎಂದು ರೇಡಿಯೊ ನಗುತ್ತಿದ್ದಳು. ಚಿಕ್ಕಮ್ಮ ಇನ್ನೊಂದು ಹಿಡಿ ಬೂದಿ ಸುರಿಯುತ್ತಿದ್ದಳು.

ಕೈಪಿಡಿಯ ಮುಖಪುಟದಲ್ಲಿ ಒಂದು ಚಿತ್ರವಿತ್ತು. ಜೇನುಪೆಟ್ಟಿಗೆಗಳ ತಲೆಯ ಮೇಲೆ ಹಿಮ. ಒಳಗೆ, ಮರಿ ಮಲಗಿಸಿದ ಎಪ್ಪತ್ತೆರಡು ಗಂಟೆಗೆ ಹಾಲು ತೆಗೆಯಬೇಕು ಎಂದು ದಪ್ಪಕ್ಷರದಲ್ಲಿ. ನಾವು ಹಾಗೆಯೇ ಮಾಡಿದೆವು. ಹೊಗೆಮನೆಯ ತಗಡು ಮಧ್ಯಾಹ್ನಕ್ಕೆ ಕಾದು ಟಣ್ ಟಣ್ ಅನ್ನುತ್ತಿತ್ತು. ಒದ್ದೆ ಗೋಣಿ ತೂಗಿಹಾಕಿದರೆ ಗಳಿಗೆಯಲ್ಲಿ ಒಣಗುತ್ತಿತ್ತು. ಅರವತ್ತರಲ್ಲಿ ನೊಣಗಳು ಒಪ್ಪುತ್ತಿದ್ದುದು ಇಪ್ಪತ್ತು. ಆ ಇಪ್ಪತ್ತರಲ್ಲೂ ಎಪ್ಪತ್ತೆರಡು ಗಂಟೆಗೆ ತೆಗೆದು ನೋಡಿದರೆ ಮರಿ ಕೊಬ್ಬಿ ಹಾಲನ್ನೆಲ್ಲ ಉಂಡಿರುತ್ತಿತ್ತು. ಉಳಿದದ್ದು ಹಳದಿಗಟ್ಟಿ ಅಂಟಿನಂತೆ ತಳ ಹಿಡಿದಿರುತ್ತಿತ್ತು. ಮಳೆ ಶುರುವಾದ ಮೇಲೆ ಹೂವಿಲ್ಲ, ನೊಣಗಳಿಗೆ ಸಕ್ಕರೆ ಪಾಕ ಕೊಡಬೇಕು. ಆ ಸಕ್ಕರೆಯ ಮೂಟೆಗೆ ಮ್ಯಾನೇಜರ್ ಬೀಗ ಹಾಕಿಸಿದ. ನಾಲ್ವರು ಹೆಂಗಸರು ಹಾಲು ಬಾಚುತ್ತ ಸಪ್ಪೆ ಚಹಾ ಕುಡಿಯುತ್ತಿದ್ದರು.

ಇನ್ನೊಂದು ತಿಂಗಳು ಹೀಗೇ ಆದರೆ ಪ್ರಯೋಗ ಮುಗಿಸುತ್ತೇವೆ ಎಂದು ಹೇಳಿ ಅವನು ಹೋದ ದಿನ, ಚಿಕ್ಕಮ್ಮ ಖಾಲಿ ಬಟ್ಟಲುಗಳ ಚೌಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ತುಂಬ ಹೊತ್ತು ಕೂತಿದ್ದಳು.

"ಉದ್ದಕ್ಕ," ಎಂದಳು ಆಮೇಲೆ. "ಹತ್ತು ಗಂಟೆಗೆ ಮರ ಕೊಯ್ದರೆ ಹಾಲು ಇಳಿಯುತ್ತಾ?"

"ಹತ್ತು ಗಂಟೆಗೆ ಯಾವ ಹುಚ್ಚಿ ಕೊಯ್ತಾಳೆ? ಬಿಸಿಲಿಗೆ ಗಾಯ ಕಟ್ಟಿಕೊಳ್ಳುತ್ತೆ."

"ಅದೇ ನಾನೂ ಅನ್ನೋದು. ಹಾಲು ಅಂದಮೇಲೆ ಅದಕ್ಕೊಂದು ಹೊತ್ತು ಇರುತ್ತೆ. ಆ ಪುಸ್ತಕ ಬರೆದೋನು ನಮ್ಮ ಬಿಸಿಲು ನೋಡಿದ್ನಾ?"

ಅಷ್ಟೇ ಮಾತು. ಅಂದಿನಿಂದ ಹನ್ನೊಂದು ದಿನ ಮೂರು ಮೂರು ಗಂಟೆಗೊಮ್ಮೆ ಸರದಿಯ ಮೇಲೆ ಎದ್ದು ಒಂದೊಂದು ಬಟ್ಟಲು ತೆರೆದರು. ಚಿಕ್ಕಮ್ಮ ಕಿರುಬೆರಳಿನ ತುದಿಗೆ ಹಾಲು ಹಚ್ಚಿಕೊಂಡು ಹೆಬ್ಬೆರಳಿನಿಂದ ಒತ್ತಿ ಎಳೆದು ನೋಡುತ್ತಿದ್ದಳು. ನಾಲಗೆಗೆ ಮುಟ್ಟಿಸುತ್ತಿದ್ದಳು. ರಾಣಿಹಾಲು ಸಿಹಿಯಲ್ಲ, ಹುಳಿ, ನಾಲಗೆಯನ್ನು ಚುರ್ ಅನ್ನಿಸುತ್ತದೆ. ಒಂದು ಹೊತ್ತಿಗೆ ನೀರು, ಒಂದು ಹೊತ್ತಿಗೆ ಅಂಟು. ನಡುವೆ ಒಂದು ಗಂಟೆ. ಹನ್ನೊಂದನೆಯ ದಿನ ಅವಳು ಬೆರಳನ್ನು ಬಾಯಿಂದ ತೆಗೆದು "ಈಗ" ಎಂದಳು.

ಅದು ಎಪ್ಪತ್ತೆರಡಕ್ಕಿಂತ ಕಡಿಮೆ. ಎಷ್ಟು ಕಡಿಮೆ ಎಂದು ನಾನು ಇಲ್ಲಿಯೂ ಬರೆಯುವುದಿಲ್ಲ.

ಆ ಗಂಟೆಗೆ ತೆಗೆದ ಮೊದಲ ಚೌಕಟ್ಟಿನಲ್ಲಿ ಬಟ್ಟಲುಗಳು ತುಳುಕುವಷ್ಟು ತುಂಬಿದ್ದವು. ಸೊಸೆ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ನಾನು ರಿಜಿಸ್ಟರ್ ತೆರೆದೆ. ಬಟ್ಟಲು, ಒಪ್ಪಿಗೆ, ಗ್ರಾಂ, ಎಲ್ಲ ಇದ್ದದ್ದನ್ನೇ ಬರೆದೆ. ಗಂಟೆಯ ಕಲಮಿಗೆ ಬಂದಾಗ ಪೆನ್ನು ನಿಂತಿತು. ಕೈಪಿಡಿಯ ಕ್ರಮ ಮುರಿದರೆ ಪೆಟ್ಟಿಗೆ ಇಲ್ಲ. ಹಿಂದಿನ ಸಾಲುಗಳಲ್ಲೆಲ್ಲ ಇದ್ದದ್ದನ್ನೇ ಮತ್ತೆ ಬರೆದೆ.

"ಏನು ಬರೆದೆ ಪುಟ್ಟಿ?" ಎಂದು ಚಿಕ್ಕಮ್ಮ ಕೇಳಿದಳು.

"ಎಪ್ಪತ್ತೆರಡು."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಸೂಜಿ ತೊಳೆಯಲು ಎದ್ದಳು. ಆ ಮೌನವನ್ನು ನಾನು ಒಪ್ಪಿಗೆ ಎಂದುಕೊಂಡೆ. ಈಗ ಯೋಚಿಸಿದರೆ, ಅವಳು ನಾನೇ ಮಾತಾಡಲಿ ಎಂದು ಕಾಯುತ್ತಿದ್ದಳೇನೋ. ನಾನು ಓದಿದವಳು. ಬರೆದ ಸುಳ್ಳು ಎಲ್ಲಿ ಹೋಗಿ ನಿಲ್ಲುತ್ತದೆ ಎಂದು ನನಗಲ್ಲದೆ ಅಲ್ಲಿ ಯಾರಿಗೆ ಗೊತ್ತಾಗಬೇಕಿತ್ತು?

ಗ್ರಾಂ ಮೂರು ಪಟ್ಟಾಯಿತು. ಮ್ಯಾನೇಜರ್ ಕೈಪಿಡಿಯ ಮೇಲೆ ತಟ್ಟಿ, ನೋಡಿದಿರಾ, ಬರೆದದ್ದನ್ನು ಬರೆದ ಹಾಗೆ ಮಾಡಿದರೆ ಹೇಗೆ ಫಲ ಸಿಗುತ್ತದೆ ಎಂದ. ರೇಡಿಯೊ ತಲೆ ತಗ್ಗಿಸಿ ಸೆರಗಿನಲ್ಲಿ ಕೆಮ್ಮಿದಳು.

ಎರಡನೇ ಹಂಗಾಮಿಗೆ ಚೌಕಟ್ಟುಗಳು ನಾಲ್ಕರಿಂದ ಆರಾದವು. ಬೆಳಗಿನಿಂದ ದೀಪದ ಕೆಳಗೆ ತಲೆ ಬಗ್ಗಿಸಿ ಕೂತವರಿಗೆ ಸಂಜೆ ಹೊರಗೆ ಬಂದರೆ ಮರಗಳು ಎರಡೆರಡು ಕಾಣುತ್ತಿದ್ದವು. ಚಿಕ್ಕಮ್ಮನಿಗೆ ಮೊದಲು ಸಂಜೆ ಕಾಣದಾಯಿತು. ಆಮೇಲೆ ಮಧ್ಯಾಹ್ನವೂ ಮಬ್ಬು. ಕಂಪನಿ ಕೊಟ್ಟ ಕನ್ನಡಕವನ್ನು ನಾಲ್ವರಿಗೂ ಒಂದೇ ಅಳತೆಯಲ್ಲಿ ತಂದಿದ್ದರು. ಒಂದು ದಿನ ಅವಳ ಪಕ್ಕ ನಿಂತು ನೋಡುತ್ತಿದ್ದೆ. ಅವಳು ಸೂಜಿ ಇಳಿಸಿದಳು, ಎತ್ತಿದಳು, ಬಟ್ಟಲಿಗೆ ಮುಟ್ಟಿಸಿದಳು. ಸೂಜಿಯ ತುದಿಯಲ್ಲಿ ಏನೂ ಇರಲಿಲ್ಲ. ಮುಂದಿನ ಬಟ್ಟಲಿಗೂ ಏನೂ ಇರಲಿಲ್ಲ. ಅವಳ ಕೈ ಮಾತ್ರ ಒಂದಿಷ್ಟೂ ತಪ್ಪದೆ ಓಡುತ್ತಿತ್ತು.

ಉದ್ದಕ್ಕ ನನ್ನ ಕಡೆ ನೋಡಿ ತಲೆಯಾಡಿಸಿದಳು, ಮಾತಾಡಬೇಡ ಎಂಬಂತೆ. ಚಿಕ್ಕಮ್ಮ ಚೌಕಟ್ಟು ಮುಗಿಸಿ ಇಟ್ಟ ಮೇಲೆ ಸೊಸೆ ಅದನ್ನು ತನ್ನ ಕಡೆ ಎಳೆದುಕೊಂಡು ಅರವತ್ತನ್ನೂ ಮತ್ತೆ ತುಂಬಿದಳು. ಇದು ಎಷ್ಟು ದಿನದಿಂದ ನಡೆಯುತ್ತಿತ್ತೋ. ಚಿಕ್ಕಮ್ಮನಿಗೆ ಗೊತ್ತಿತ್ತೋ ಇಲ್ಲವೋ. ನಾನು ಕೇಳಲಿಲ್ಲ.

ಕೇಳದಿದ್ದರೂ ಅವಳೇ ಒಂದು ಸಂಜೆ, ಕಲ್ಲುಗಳ ಸುತ್ತ ಬೂದಿ ಸುರಿಯುತ್ತ, ಹೇಳಿದಳು. "ಸೂಜಿಗೆ ಕಣ್ಣು ಬೇಕು ಪುಟ್ಟಿ. ಪೆಟ್ಟಿಗೆ ಸಾಕೋಕೆ ಬೇಡ. ಎತ್ತಿ ನೋಡಿದ್ರೆ ಭಾರ ಗೊತ್ತಾಗುತ್ತೆ. ಕಿವಿ ಇಟ್ಟರೆ ಹಸಿದಿದೆಯೋ ಹೊಟ್ಟೆ ತುಂಬಿದೆಯೋ ಗೊತ್ತಾಗುತ್ತೆ. ಹತ್ತು ಪೆಟ್ಟಿಗೆ ಬಂದುಬಿಟ್ರೆ ನಾನು ಯಾರಿಗೂ ಭಾರವಾಗಲ್ಲ." ಬೂದಿಯ ಗೆರೆ ಕಲ್ಲಿನಿಂದ ಒಂದು ಗೇಣು ಆಚೆ ಬಿದ್ದಿತ್ತು. ಅವಳು ಒಳಗೆ ಹೋದ ಮೇಲೆ ನಾನು ಅದನ್ನು ಕಾಲಿನಿಂದ ಸರಿಮಾಡಿದೆ.

ಹಂಗಾಮು ಮುಗಿಯಿತು. ಗುರಿ ದಾಟಿ ಬಹಳ ಮುಂದೆ ಹೋಗಿದ್ದೆವು. ಪೆಟ್ಟಿಗೆ ಹಂಚುವ ಮೊದಲು ಒಬ್ಬ ತಜ್ಞ ಬಂದು ನೋಡುತ್ತಾನೆ ಎಂದರು. ಬಂದ. ಮೆಲುದನಿಯ ಮನುಷ್ಯ, ಎಲ್ಲರಿಗೂ ನಮಸ್ಕಾರ ಮಾಡಿದ. ಫ್ರಿಜ್ಜಿನ ಹಾಲನ್ನು ಕೊಳವೆಗಳಲ್ಲಿ ಪರೀಕ್ಷಿಸಿ, ಅಪ್ಪಟ, ಬೆರಕೆ ಇಲ್ಲ ಎಂದ. ನನ್ನ ರಿಜಿಸ್ಟರನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿದ. ಅಕ್ಷರ ಚೆನ್ನಾಗಿದೆ ಎಂದು ಹೊಗಳಿದ. ಆಮೇಲೆ, ಇದರಲ್ಲಿ ಬರೆದಿರುವುದನ್ನು ಹಾಗೆಯೇ ಒಮ್ಮೆ ನನ್ನ ಮುಂದೆ ಮಾಡಿ ತೋರಿಸಿ ಎಂದ.

ಆ ದಿನ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅವನು ಗಡಿಯಾರ ಮೇಜಿನ ಮೇಲಿಟ್ಟು ಕುರ್ಚಿ ಹಾಕಿ ಕೂತ. ಚಿಕ್ಕಮ್ಮನ ಚೌಕಟ್ಟನ್ನು ಸೊಸೆ ಮತ್ತೆ ತುಂಬುವ ಹಾಗಿರಲಿಲ್ಲ. ಚಿಕ್ಕಮ್ಮನಿಗೆ ಜ್ವರ ಎಂದು ಹೇಳಿ ಉದ್ದಕ್ಕ ಅವಳನ್ನು ಮನೆಯಲ್ಲೇ ಉಳಿಸಿದಳು. ಉಳಿದ ಮೂವರು ಮರಿ ಮಲಗಿಸಿದರು. ಪೆಟ್ಟಿಗೆಗೆ ಇಳಿಸಿದರು. ಪರೀಕ್ಷೆ ಮುಗಿಯುವವರೆಗೆ ಬೇರೆ ಯಾವ ಪೆಟ್ಟಿಗೆಯನ್ನೂ ಮುಟ್ಟಬಾರದು ಎಂದು ಅಪ್ಪಣೆಯಾಯಿತು. ಕಾಯುವುದು ಶುರುವಾಯಿತು.

ಆ ಮೂರು ದಿನಗಳಲ್ಲಿ ಆ ಗಂಟೆಯೂ ಬಂತು. ನಾವು ಲೈನಿನ ಜಗಲಿಯಲ್ಲಿದ್ದೆವು. ಉದ್ದಕ್ಕ ಕಟ್ಟಿಗೆ ಒಡೆಯುತ್ತಿದ್ದಳು, ನಿಲ್ಲಿಸಿದಳು. ರೇಡಿಯೊ ಯಾವುದೋ ಕಥೆ ಹೇಳುತ್ತಿದ್ದಳು, ನಡುವಿನಲ್ಲೇ ಬಿಟ್ಟಳು. ಚಿಕ್ಕಮ್ಮ ಕಾಣದ ಕಣ್ಣನ್ನು ಮರಗಳ ಕಡೆ ತಿರುಗಿಸಿ ಕಿರುಬೆರಳನ್ನು ಹೆಬ್ಬೆರಳಿಗೆ ಉಜ್ಜುತ್ತಿದ್ದಳು. ಪೆಟ್ಟಿಗೆಗಳು ನೂರು ಹೆಜ್ಜೆ ದೂರ. ಬಟ್ಟಲುಗಳು ಆ ಹೊತ್ತಿಗೆ ತುಂಬಿ ತುಳುಕುತ್ತಿದ್ದವು. ಯಾರೂ ಏಳಲಿಲ್ಲ. ಗಂಟೆ ಕಳೆಯಿತು.

ಎಪ್ಪತ್ತೆರಡಕ್ಕೆ ತಜ್ಞ ತಾನೇ ನಿಂತು ತೆಗೆಸಿದ. ಕೊಬ್ಬಿದ ಮರಿಗಳು, ತಳದಲ್ಲಿ ಹಳದಿ ಅಂಟು. ರಿಜಿಸ್ಟರಿನ ಮೂರನೇ ಒಂದು ಪಾಲೂ ಇಲ್ಲ. ಅವನು ಒಂದು ಮಾತೂ ಬೈಯಲಿಲ್ಲ. ನನ್ನನ್ನು ನೋಡಿ ನಿಟ್ಟುಸಿರು ಬಿಟ್ಟು ಪೆನ್ನಿನ ಕ್ಯಾಪು ತೆಗೆದ.

ಬೈಯುವ ಕೆಲಸ ಮ್ಯಾನೇಜರನದು. ಅವನೂ ಹೆಚ್ಚು ಬೈಯಲಿಲ್ಲ, ಅವನಿಗೆ ಅರ್ಥವಾಗಿತ್ತು. ಹಾಲು ಅಪ್ಪಟ, ಗ್ರಾಂ ನಿಜ, ಹಾಗಾದರೆ ಸುಳ್ಳು ಇರುವುದು ವಿಧಾನದಲ್ಲಿ. ಎರಡು ದಿನ ಬಿಟ್ಟು ಒಬ್ಬೊಬ್ಬರನ್ನೇ ಹೊಗೆಮನೆಗೆ ಕರೆಯುತ್ತೇನೆ, ನಿಜ ಹೇಳಿದವರಿಗೆ ಪೆಟ್ಟಿಗೆಯ ವಿಷಯ ನೋಡೋಣ ಎಂದು ಹೇಳಿ ಕಳಿಸಿದ.

ವಿಚಾರಣೆಯ ಹಿಂದಿನ ಸಂಜೆ ಎಲ್ಲರೂ ನಮ್ಮ ಮನೆಯಲ್ಲಿ ಕೂತರು. ಒಂದೇ ಕೋಣೆ, ಸೊಸೆ ಬಾಗಿಲಲ್ಲಿ ನಿಂತಳು. ಚಿಕ್ಕಮ್ಮ ಟ್ರಂಕಿನಿಂದ ಕಾಗದ ತೆಗೆಸಿ ನನ್ನ ಕೈಗೆ ಕೊಟ್ಟಳು. "ಇನ್ನೊಂದು ಸಲ ಓದು. ನಿಧಾನಕ್ಕೆ."

ಓದಿದೆ. ಈ ಸಲ ನಿಲ್ಲಬೇಕಾದ ಕಡೆ ನಿಂತೆ.

ಉದ್ದಕ್ಕ ಮೊದಲು ಮಾತಾಡಿದಳು. ಗಂಟೆ ಹೇಳಿದರೆ ಕೈಪಿಡಿಯ ಕ್ರಮ ಮುರಿದವರಾಗುತ್ತೇವೆ, ಪೆಟ್ಟಿಗೆ ಇಲ್ಲ. ಹೇಳದಿದ್ದರೆ ಸುಳ್ಳು ಬರೆದವರಾಗುತ್ತೇವೆ, ಆಗಲೂ ಇಲ್ಲ. ಹಾಗೆಂದು ಎರಡು ಬೆರಳು ಮಡಿಸಿದಳು.

"ತಪ್ಪು ನನ್ನದು," ಎಂದೆ. "ಎಪ್ಪತ್ತೆರಡು ಅಂತ ಬರೆದದ್ದು ನಾನು."

ಯಾರೂ ಅಲ್ಲ ಅನ್ನಲಿಲ್ಲ. ಅದು ನನಗೆ ಒಳ್ಳೆಯದೇ ಆಯಿತು. ಚಿಕ್ಕಮ್ಮ ಅಂದಳು: "ನಿಜ ಬರೆದಿದ್ರೆ ಮೊದಲ ವರ್ಷವೇ ಗಂಟೆ ಅವರ ಕೈಗೆ ಹೋಗ್ತಿತ್ತು. ನಾವು ಆಗಲೇ ಬೀದಿಗೆ. ಹೇಳಿದ್ರೂ ಇಲ್ಲ, ಹೇಳದಿದ್ರೂ ಇಲ್ಲ ಅಂದಮೇಲೆ, ಹೇಳದೆ ಇಲ್ಲ ಅನ್ನಿಸಿಕೊಳ್ಳೋದೇ ವಾಸಿ. ಕಣ್ಣು ಕೊಟ್ಟಾಯ್ತು. ಅದೊಂದು ನಮ್ಮ ಹತ್ರ ಇರಲಿ."

ಎಲ್ಲರೂ ರೇಡಿಯೊಳ ಕಡೆ ತಿರುಗಿದರು.

"ನನ್ನನ್ಯಾಕೆ ನೋಡ್ತೀರಾ?" ಎಂದಳು ಅವಳು. ಮುಖ ಕೆಂಪಾಗಿತ್ತು.

ಮರುದಿನ ಮೊದಲು ಕರೆದದ್ದು ಅವಳನ್ನೇ. ಮ್ಯಾನೇಜರನಿಗೂ ಯಾರ ಬಾಯಿ ಸಡಿಲ ಎಂದು ಗೊತ್ತಿತ್ತು. ನಾವು ಹೊರಗೆ ತಗಡಿನ ಗೋಡೆಗೆ ಒರಗಿ ಕೂತಿದ್ದೆವು. ಒಳಗಿನ ಮಾತು ಕೇಳುತ್ತಿತ್ತು. ರೇಡಿಯೊ ಅರ್ಧ ಗಂಟೆ ಬಿಡದೆ ಮಾತಾಡಿದಳು. ಗಂಡನ ಕೆಮ್ಮು, ಸೋರುವ ಮಾಡು, ತಂಗಿಯ ಮನೆಯವರು ಮಾಡಿದ ಅವಮಾನ, ಸಪ್ಪೆ ಚಹಾ, ನೊಣ ಕಚ್ಚಿ ಕಣ್ಣು ಊದಿದ ದಿನ. ಅವನು ನಡುನಡುವೆ ಗಂಟೆ, ಗಂಟೆ ಎನ್ನುತ್ತಿದ್ದ. ಪ್ರತಿ ಸಲವೂ ಅವಳು ಎಪ್ಪತ್ತೆರಡು ಸಾರ್ ಎಂದು ಮುಂದಿನ ಕಥೆಗೆ ಹೋಗುತ್ತಿದ್ದಳು. ಕೊನೆಗೆ ಅವನೇ ಅವಳನ್ನು ಹೊರಗೆ ಕಳಿಸಿದ. ಬಂದವಳು ನಮ್ಮ ಪಕ್ಕ ಕೂತು, ಅಂದು ಸಂಜೆಯವರೆಗೆ ಒಂದು ಮಾತೂ ಆಡಲಿಲ್ಲ.

ಉದ್ದಕ್ಕ, ನಿಮ್ಮ ಪುಸ್ತಕದಲ್ಲಿ ಇರುವುದೇ, ನನಗೆ ಓದಲು ಬರುವುದಿಲ್ಲ ಎಂದಳು. ಸೊಸೆ ತಲೆ ಎತ್ತದೆ ಆ ಅಂಕಿಯೊಂದನ್ನೇ ಹೇಳಿ ಬಂದಳು.

ಚಿಕ್ಕಮ್ಮನನ್ನು ನಾನು ಕೈಹಿಡಿದು ಬಾಗಿಲವರೆಗೆ ಬಿಟ್ಟೆ. ಆ ಕೋಣೆಯೊಳಗೆ ಅವಳಿಗೆ ಕೈ ಬೇಕಿರಲಿಲ್ಲ. ಮೇಜು, ಸ್ಟೂಲು, ದೀಪ ಎಲ್ಲಿವೆ ಎಂದು ಗೊತ್ತಿತ್ತು. ಮ್ಯಾನೇಜರನ ದನಿ ಅವಳ ಮುಂದೆ ಬಹಳ ಮೆತ್ತಗಾಯಿತು.

"ನಿಮ್ಮ ಕಣ್ಣಿನ ವಿಷಯ ನನಗೆ ಗೊತ್ತಮ್ಮ. ಕಂಪನಿ ಆಪರೇಷನ್ ಮಾಡಿಸ್ಕೊಡುತ್ತೆ. ದೊಡ್ಡ ಆಸ್ಪತ್ರೆಯಲ್ಲಿ. ಒಂದು ಅಂಕಿ ಹೇಳಿ, ಸಾಕು."

ತಗಡು ಕಾದು ಸದ್ದು ಮಾಡಿತು. ಆ ಹೊತ್ತಿನಲ್ಲಿ ಅವಳು ಹೇಳಿಬಿಡಲಿ ಎಂದು ನನಗೆ ಅನ್ನಿಸಿತು. ಇದನ್ನು ನಾನು ಯಾರಿಗೂ ಹೇಳಿಲ್ಲ.

"ಕಾಗದದ ಮೇಲೆ ಬರೆದು ಕೊಡ್ತೀರಾ ಸಾರ್?" ಎಂದಳು ಚಿಕ್ಕಮ್ಮ.

"ಇದಕ್ಕೆಲ್ಲ ಕಾಗದ ಯಾಕಮ್ಮ? ನನ್ನ ಮೇಲೆ ನಂಬಿಕೆ ಇಲ್ವಾ?"

"ಎಪ್ಪತ್ತೆರಡು, ಸಾರ್."

ಕೊನೆಗೆ ನಾನು. ರಿಜಿಸ್ಟರ್ ಮೇಜಿನ ಮೇಲೆ ತೆರೆದಿತ್ತು. ನೀನು ಓದಿದವಳು, ಇವರ ಜೊತೆ ಯಾಕೆ ಹಾಳಾಗುತ್ತೀಯ, ಹೆಡ್ ಆಫೀಸಿನಲ್ಲಿ ಒಂದು ಮೇಜು ಖಾಲಿ ಇದೆ ಎಂದ. ನಾನು ನನ್ನದೇ ಅಕ್ಷರಗಳನ್ನು ನೋಡುತ್ತ ನಿಂತೆ. ಎರಡು ವರ್ಷ, ಸಾಲು ಸಾಲಾಗಿ ಒಂದೇ ಅಂಕಿ. ಹೆದರಿ ಬರೆದದ್ದು.

"ಬರೆದಿದೆಯಲ್ಲ ಸಾರ್," ಎಂದೆ. "ಎಪ್ಪತ್ತೆರಡು."

ಅವನು ರಿಜಿಸ್ಟರ್ ಮುಚ್ಚಿದ. ಅದರ ಕೆಳಗಿದ್ದ ತಜ್ಞನ ವರದಿ ಆಗ ಕಂಡಿತು. ಉಷ್ಣ ಪ್ರದೇಶದಲ್ಲಿ ರಾಯಲ್ ಜೆಲ್ಲಿ ಉತ್ಪಾದನೆ ಕಾರ್ಯಸಾಧ್ಯವಲ್ಲ. ಮುಖ್ಯ ಕಾರಣ: ಕೆಲಸಗಾರರ ಅಪ್ರಾಮಾಣಿಕತೆ ಹಾಗೂ ಅಶಿಸ್ತು.

ಎರಡು ದಿನಕ್ಕೆ ಲಾರಿ ಬಂತು. ತಿಂಗಳ ಕೊನೆಗೆ ಲೈನುಮನೆ ಖಾಲಿ ಮಾಡಬೇಕು ಎಂಬ ಚೀಟಿಯೂ ಅದರ ಜೊತೆಗೆ ಬಂತು. ಹಾಡಹಗಲು, ಮೂರು ಗಂಟೆ. ಜೇನುಪೆಟ್ಟಿಗೆಯನ್ನು ಕತ್ತಲಾದ ಮೇಲೆ ಸಾಗಿಸಬೇಕು. ಹಗಲು ಸಾಗಿಸಿದರೆ ಮೇವಿಗೆ ಹೋದ ನೊಣಗಳು ಹಿಂದೆಯೇ ಉಳಿಯುತ್ತವೆ. ಉದ್ದಕ್ಕ ಹೇಳಲು ಹೋದಳು. ನಿಮ್ಮ ಮಾತು ಕೇಳಿದ್ದು ಸಾಕು ಎಂದ ಮ್ಯಾನೇಜರ್.

ಅವಳು ಸುಮ್ಮನೆ ಪಕ್ಕಕ್ಕೆ ಸರಿದಳು. ಪೆಟ್ಟಿಗೆಗಳ ಬಾಯಿಗೆ ಬಟ್ಟೆ ತುರುಕಿ ಮುಚ್ಚುವ ಕೆಲಸ ಅವಳಿಗೂ ಸೊಸೆಗೂ ಕೊಟ್ಟಿದ್ದರು. ಕೊನೆಯ ಸಾಲಿನ ಒಂದು ಪೆಟ್ಟಿಗೆಯಲ್ಲಿ, ಪರೀಕ್ಷೆಯ ಹಿಂದಿನ ದಿನ ಸೊಸೆ ತುಂಬಿ ಇಳಿಸಿದ್ದ ಒಂದು ಚೌಕಟ್ಟು ಹಾಗೆಯೇ ಉಳಿದಿತ್ತು. ಮುಟ್ಟಬಾರದೆಂದು ಅಪ್ಪಣೆಯಾಗಿತ್ತಲ್ಲ, ಯಾರೂ ಮುಟ್ಟಿರಲಿಲ್ಲ. ಅಷ್ಟೂ ದಿನ ನೊಣಗಳು ತಮ್ಮ ಕೆಲಸ ಮಾಡಿದ್ದವು. ಬಟ್ಟಲುಗಳು ನೆಲಗಡಲೆಕಾಯಿಯ ಹಾಗೆ ಉದ್ದವಾಗಿ, ಬಾಯಿ ಮುಚ್ಚಿ ತೂಗುತ್ತಿದ್ದವು. ಎರಡು ವರ್ಷದಲ್ಲಿ ನಾವು ಕಿತ್ತು ಬಿಸಾಡದೆ ಬಿಟ್ಟ ಮೊದಲ ರಾಣಿಯರು.

ಸೊಸೆ ಆ ಚೌಕಟ್ಟನ್ನೂ, ನೊಣ ಮುತ್ತಿದ್ದ, ಮರಿಗಳಿದ್ದ ಮೇಣದ ಎರಿಯ ಇನ್ನೊಂದು ಚೌಕಟ್ಟನ್ನೂ ತೆಗೆದು ಒದ್ದೆ ಬಟ್ಟೆಯಲ್ಲಿ ಸುತ್ತಿ ಉದ್ದಕ್ಕನಿಗೆ ಕೊಟ್ಟಳು. ಉದ್ದಕ್ಕ ಸೌದೆ ಹೊರೆಯೊಳಗಿಟ್ಟು ತಲೆಯ ಮೇಲೆ ಹೊತ್ತು ಎಲ್ಲರ ಮುಂದೆಯೇ ನಡೆದು ಬಂದಳು. ಮ್ಯಾನೇಜರ್ ಪೆಟ್ಟಿಗೆ ಎಣಿಸಿದ. ಐವತ್ತು. ಒಳಗಿನ ಚೌಕಟ್ಟು ಎಣಿಸಲಿಲ್ಲ.

ಸಂಜೆ ಮೇವಿನಿಂದ ಮರಳಿದ ನೊಣಗಳು ಖಾಲಿ ಜಾಗದಲ್ಲಿ ಸುತ್ತಿ ಸುತ್ತಿ, ಪೆಟ್ಟಿಗೆ ಇಟ್ಟಿದ್ದ ಕಂಬಗಳ ಮೇಲೆ ಮುದ್ದೆ ಮುದ್ದೆಯಾಗಿ ಕೂತವು. ಸಾವಿರಾರು. ರಬ್ಬರ್ ಹಾಳೆ ತುಂಬಿ ಕಳಿಸುತ್ತಿದ್ದ ಒಂದು ಹಲಗೆಯ ಡಬ್ಬಕ್ಕೆ ತೂತು ಕೊರೆದು, ಎರಡು ಚೌಕಟ್ಟು ಇಳಿಸಿ ಅಲ್ಲಿಟ್ಟೆವು. ಒಂದಷ್ಟು ಒಳಗೆ ಹೋದವು. ಬಹಳಷ್ಟು ಹೋಗಲಿಲ್ಲ, ಬೆಳಿಗ್ಗೆ ನೋಡಿದರೆ ಕಂಬಗಳ ಬುಡದಲ್ಲಿ ಹುರಿದ ಕಾಳಿನ ಹಾಗೆ ಉದುರಿದ್ದವು. ಕತ್ತಲಾದ ಮೇಲೆಯೇ ಡಬ್ಬವನ್ನು ಹೊತ್ತು ತಂದು ಚಿಕ್ಕಮ್ಮನ ಹತ್ತು ಕಲ್ಲುಗಳಲ್ಲಿ ಮೊದಲನೆಯದರ ಮೇಲೆ ಇಟ್ಟಿದ್ದೆವು. ಉಳಿದ ಒಂಬತ್ತು ಕಲ್ಲು ಖಾಲಿ.

ಮನೆ ಬಿಡಲು ಹದಿನಾರು ದಿನ ಇತ್ತು. ರಾಣಿ ಹುಟ್ಟಬಹುದು, ಹುಟ್ಟಿ ಹಾರಾಟಕ್ಕೆ ಹೋದವಳನ್ನು ಹಕ್ಕಿ ತಿನ್ನಬಹುದು. ತಿರುಗಿ ಬಂದರೂ ಇಷ್ಟು ನೊಣಗಳಲ್ಲಿ ಗೂಡು ಕಟ್ಟೀತೋ ಇಲ್ಲವೋ. ಕಟ್ಟಿದರೂ ಆ ಡಬ್ಬ ಹೊತ್ತು ನಾಲ್ವರು ಎಲ್ಲಿಗೆ ಹೋಗಬೇಕೋ. ಆಗುತ್ತದಾ ಎಂದು ಸೊಸೆ ಕೇಳಿದಳು. ಕಂಪನಿ ಎರಡು ವರ್ಷ ಕೇಳಿದ ಪ್ರಶ್ನೆಯೂ ಅದೇ.

ಮೂರನೆಯ ಬೆಳಿಗ್ಗೆ ಚಿಕ್ಕಮ್ಮ ಡಬ್ಬದ ಪಕ್ಕ ಮೊಣಕಾಲೂರಿ ಹಲಗೆಗೆ ಕಿವಿ ಹಚ್ಚಿದ್ದಳು. ಉಳಿದ ಮೂವರೂ ಸುತ್ತ ನಿಂತಿದ್ದರು. ರೇಡಿಯೊ ಕೂಡ ಉಸಿರು ಬಿಗಿಹಿಡಿದಿದ್ದಳು. ನಾನು ಅಭ್ಯಾಸಬಲದಿಂದ ಒಂದು ಹಳೆಯ ನೋಟುಪುಸ್ತಕ ತಂದಿದ್ದೆ. ತಾರೀಖು ಹಾಕಿದೆ.

"ಕೆರೀತಾ ಇದೆ," ಎಂದಳು ಚಿಕ್ಕಮ್ಮ, ಮೆಲ್ಲಗೆ. "ಒಳಗಿಂದ ಮುಚ್ಚಳ ಕೊರೀತಾ ಇದೆ."

ನನ್ನ ಪೆನ್ನಿನ ಸದ್ದು ಅವಳಿಗೆ ಕೇಳಿರಬೇಕು. ಕಿವಿ ಎತ್ತದೆಯೇ ಕೇಳಿದಳು.

"ಏನು ಬರೀತಿದ್ದೀಯ ಪುಟ್ಟಿ?"

"ಏನಿಲ್ಲ ಚಿಕ್ಕಮ್ಮ."

"ಬರಿ," ಎಂದಳು. "ನಡೆದದ್ದೆಲ್ಲ ಬರಿ. ಗಂಟೆ ಒಂದು ಬಿಟ್ಟು."